‘ಎಣ್ಮಕಜೆ’ ಮತ್ತು ಅಮ್ಮಂದಿರ ತಾಳ್ಮೆ

ಅಂಬಿಕಾಸುತನ್ ಮಾಙ್ಙಾಡ್ ಅವರ ಮಲಯಾಳ ಕಾದಂಬರಿ ‘ಎಣ್ಮಕಜೆ’ 2009ರಲ್ಲಿ ಬಂತು. ಆ ಊರು ನಮಗೆ ದೂರವಲ್ಲ. ಕುಂಬಳೆಯಿಂದ ಬದಿಯಡ್ಕ ದಾಟಿದರೆ ಪೆರ್ಲ, ಅದೇ ಎಣ್ಮಕಜೆ ಪಂಚಾಯತು. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು, ಸುತ್ತಲ ಮನೆಗಳಲ್ಲಿ ಕೈಕಾಲು ಸ್ವಾಧೀನವಿಲ್ಲದ ಮಕ್ಕಳು ಹುಟ್ಟಿದ್ದು ಇಲ್ಲಿ ಎಲ್ಲರಿಗೂ ಗೊತ್ತು.

ಕಾದಂಬರಿಯಲ್ಲಿ ದೇವಯಾನಿ ಮೈತುಂಬ ಹುಣ್ಣಿರುವ ಮಗುವೊಂದನ್ನು ಮನೆಗೆ ತರುತ್ತಾಳೆ. ನೀಲಕಂಠನಿಗೆ ಮೊದಲು ಸಿಟ್ಟೇ ಬರುತ್ತದೆ. ಆ ಸಿಟ್ಟನ್ನು ಮುಚ್ಚಿಡದೆ ಬರೆದದ್ದು ನನಗೆ ಕೃತಿಯ ದೊಡ್ಡ ಗುಣವಾಗಿ ಕಂಡಿತು. ಪ್ರೀತಿ ಇದ್ದವರಿಗೂ ಸಾಕಪ್ಪಾ ಅನಿಸುವುದುಂಟು. ಹಾಗೆ ಹೇಳಿದರೆ ಪಾಪ ಎಂದು ನಾವು ಅವರ ಬಾಯಿ ಮುಚ್ಚಿಸುತ್ತೇವೆ.

ನನ್ನದೊಂದು ತಕರಾರೂ ಉಂಟು. ಇವರಿಬ್ಬರು ಮಗುವನ್ನು ತಾವಾಗಿ ತಂದುಕೊಂಡವರು. ಹೆತ್ತವರಿಗೆ ಆ ಆಯ್ಕೆ ಇರಲಿಲ್ಲ. ಮುಂದೆ ಕಥೆ ಹೋರಾಟಕ್ಕೆ ತಿರುಗುತ್ತದೆ, ತಿರುಗಲೇಬೇಕಿತ್ತು. ಆದರೆ ಬೆಳೆದ ಮಗನನ್ನು ಎತ್ತಿ ಮೀಯಿಸುವ ಅಮ್ಮನ ಸೊಂಟನೋವು, ‘ನಾನು ಹೋದ ಮೇಲೆ ಇವನಿಗೆ ಯಾರು?’ ಎಂಬ ರಾತ್ರಿಯ ಯೋಚನೆ ನನಗೆ ಇನ್ನಷ್ಟು ಬೇಕಿತ್ತು.

ನಮ್ಮ ವಾಚನಾಲಯದಲ್ಲಿ ಈ ಪುಸ್ತಕದ ಬಗ್ಗೆ ಮಾತಾಡುವಾಗ ನಾನೂ ಅಂಥ ಅಮ್ಮಂದಿರ ತಾಳ್ಮೆಯನ್ನು ಹೊಗಳಿದೆ. ನಡೆಯಲಾಗದ ಮಗಳಿರುವ ನೆರೆಮನೆಯಾಕೆ ಕೊನೆಗೆ ಹೇಳಿದರು: “ಮಾಷ್ಟ್ರೇ, ತಾಳದೆ ಬೇರೆ ದಾರಿ ಉಂಟಾ? ಹೊಗಳುವುದು ಬೇಡ. ಒಂದು ಗಳಿಗೆ ಮಗಳ ಹತ್ತಿರ ಕೂತರೆ ನಾನು ರೇಷನ್ ಅಂಗಡಿಗೆ ಹೋಗಿ ಬರುತ್ತಿದ್ದೆ.”

ಅಲ್ಲಿಗೆ ನನ್ನ ವಿಮರ್ಶೆ ಮುಗಿಯಿತು ಮಾರಾಯ್ರೇ! ಧೈರ್ಯ ಎದೆಯೊಳಗೆ ತಾನಾಗಿ ಹುಟ್ಟುವುದಲ್ಲ, ಹೊರಗಿನಿಂದಲೂ ಬರಬೇಕು. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರಕಾರಕ್ಕೆ ಹೇಳಿತು. ಜನ ಬೀದಿಗಿಳಿದು ಕೇಳಿದ್ದರಿಂದ ಅಷ್ಟಾಯಿತು. ತಾಳಿ ಕೂತಿದ್ದರೆ ಆಗುತ್ತಿರಲಿಲ್ಲ. ಪಂಚಾಯತಿನ ಬಡ್ಸ್ ಶಾಲೆಗೆ ಮಗುವನ್ನು ಕಳಿಸುವಂತಾದರೆ ಅಮ್ಮನಿಗೆ ಹಗಲಲ್ಲಿ ನಾಲ್ಕು ಗಂಟೆ ಬಿಡುವು. ಬೆನ್ನು ನೇರ ಮಾಡಲು ಅಷ್ಟಾದರೂ ಬೇಡವೇ?

ಮರುದಿನ ಮಧ್ಯಾಹ್ನ ಆ ಮನೆಗೆ ಹೋದೆ, ಕೈಯಲ್ಲಿ ಇದೇ ಪುಸ್ತಕ. ಅಮ್ಮ ಹಿಂದೆ ಬರುವಾಗ ಎರಡು ಗಂಟೆ ಕಳೆದಿತ್ತು. ಹುಡುಗಿಗೆ ನೀರು ಕುಡಿಸುವುದು, ಮಗ್ಗುಲು ಬದಲಿಸುವುದು, ನೊಣ ಓಡಿಸುವುದು: ನನಗೆ ಒಂದು ಪುಟವೂ ಓದಲಾಗಲಿಲ್ಲ.