ಬಾವಿಯ ಮನೆಗೆ ತಲುಪದ ವರದಿ

ಅಮೆರಿಕದ ಇಲಿನಾಯ್ ರಾಜ್ಯದ ಬ್ರೇಡ್‌ವುಡ್ ಅಣುವಿದ್ಯುತ್ ಸ್ಥಾವರದಿಂದ ಕ್ಯಾಂಕಕೀ ನದಿಯವರೆಗೆ ನೆಲದಡಿಯಲ್ಲಿ ಒಂದು ಕೊಳವೆ ಇದೆ. ಉದ್ದ ಹತ್ತಿರಹತ್ತಿರ ಎಂಟು ಕಿಲೋಮೀಟರ್. ಸ್ಥಾವರವನ್ನು ತಣಿಸುವ ಕೆರೆಯಲ್ಲಿ ಲವಣಾಂಶ ಏರದಿರಲೆಂದು ಹೊರಹಾಕುವ ನೀರು ಇದರಲ್ಲಿ ಹರಿದು ನದಿ ಸೇರುತ್ತದೆ. ಟ್ರಿಟಿಯಂ, ಅಂದರೆ ವಿಕಿರಣಶೀಲ ಜಲಜನಕ, ಬೆರೆತ ನೀರನ್ನೂ ಇದೇ ಹರಿವಿಗೆ ಸೇರಿಸಿ ತೆಳುವಾಗಿಸಿ ನದಿಗೆ ಬಿಡಲು ಸ್ಥಾವರಕ್ಕೆ ಅನುಮತಿ ಇತ್ತು. ಕೊಳವೆಯೊಳಗಿನ ಒತ್ತಡ ಏರುಪೇರಾಗದಂತೆ ದಾರಿಯುದ್ದಕ್ಕೂ ವಾಲ್ವ್‌ಗಳನ್ನು ಕೂರಿಸಿದ್ದರು. 1996ರಿಂದಾಚೆಗೆ ಆ ವಾಲ್ವ್‌ಗಳು ಮತ್ತೆ ಮತ್ತೆ ಕೈಕೊಟ್ಟವು. 1998ರಲ್ಲಿ ಒಮ್ಮೆ, 2000ದಲ್ಲಿ ಇನ್ನೊಮ್ಮೆ ತಲಾ ಸುಮಾರು 30 ಲಕ್ಷ ಗ್ಯಾಲನ್, ಅಂದರೆ ಒಂದು ಕೋಟಿ ಲೀಟರಿಗೂ ಹೆಚ್ಚು ನೀರು ನದಿ ತಲುಪದೆ ಸುತ್ತಲ ನೆಲದಲ್ಲಿ ನಿಂತು ಅಂತರ್ಜಲಕ್ಕೆ ಇಳಿಯಿತು. ಅಲ್ಲಿನ ಅನೇಕ ಮನೆಗಳು ಕುಡಿಯುತ್ತಿದ್ದದ್ದು ಬಾವಿ ನೀರನ್ನು. ಆ ಮನೆಗಳವರಿಗೆ ವಿಷಯ ಗೊತ್ತಾದದ್ದು 2005ರ ಕೊನೆಗೆ.

ಬಾವಿಗಳಲ್ಲಿ ಸಿಕ್ಕ ಪ್ರಮಾಣದ ಬಗ್ಗೆ ಮೊದಲೇ ಹೇಳಿಬಿಡುವುದು ನ್ಯಾಯ. ಅಮೆರಿಕದಲ್ಲಿ ಕುಡಿಯುವ ನೀರಿಗೆ ಟ್ರಿಟಿಯಂನ ಮಿತಿ ಲೀಟರಿಗೆ 20,000 ಪಿಕೋಕ್ಯೂರಿ, ನಾವು ಬಳಸುವ ಮಾನದಲ್ಲಿ 740 ಬೆಕೆರೆಲ್. ಟ್ರಿಟಿಯಂ ಪತ್ತೆಯಾದ ಖಾಸಗಿ ಬಾವಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇರಲಿಲ್ಲ. ಕೊಳವೆಯ ಆಸುಪಾಸಿನ ಅಂತರ್ಜಲದಲ್ಲಿ ಮಾತ್ರ ಮಿತಿಯ ಹತ್ತು ಪಟ್ಟಿಗಿಂತ ಹೆಚ್ಚು ಇದ್ದ ಜಾಗಗಳೂ ಸಿಕ್ಕವು. ಆದ್ದರಿಂದ ನಾನಿಲ್ಲಿ ಎತ್ತುವ ತಕರಾರು ಎಷ್ಟು ಜನರಿಗೆ ಕಾಯಿಲೆ ಬಂತು ಎಂಬುದರದ್ದಲ್ಲ. ತನ್ನ ನೀರು ಎಲ್ಲಿಗೆ ಹೋಗಬೇಕೆಂದು ಪರವಾನಗಿಯಲ್ಲಿ ಬರೆಸಿಕೊಂಡ ಸ್ಥಾವರ, ಅದು ಬೇರೆಲ್ಲಿಗೋ ಹೋದಾಗ ಯಾರಿಗೆ, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕು ಎಂಬುದರದ್ದು. ಅಮೆರಿಕ ಇದಕ್ಕಾಗಿ ಐವತ್ತು ವರ್ಷಗಳಿಂದ ಒಂದು ಪದ್ಧತಿಯನ್ನು ಕಟ್ಟಿಕೊಂಡು ಬಂದಿದೆ. ಅದನ್ನು ಗುಣದೋಷ ಎರಡರಲ್ಲೂ ನೋಡಬೇಕು.

ಗುಣ ದೊಡ್ಡದೇ. 1972ರ ಶುದ್ಧ ಜಲ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಯಾವ ಕಾರ್ಖಾನೆಯೂ ಕೊಳವೆಯಿಂದ ನದಿಗೆ ಮಾಲಿನ್ಯ ಬಿಡುವಂತಿಲ್ಲ. ಪ್ರತಿ ಕೊಳವೆಬಾಯಿಗೂ ಒಂದು ಸಂಖ್ಯೆ ಇರುತ್ತದೆ. ಅದರಿಂದ ಹೊರಡುವ ನೀರಿನ ಪ್ರಮಾಣ, ತಾಪಮಾನ, ಆಮ್ಲೀಯತೆ, ಉಳಿಕೆ ಕ್ಲೋರಿನ್, ಎಣ್ಣೆ ಜಿಡ್ಡು ಇವಕ್ಕೆಲ್ಲ ಬೇರೆ ಬೇರೆ ಮಿತಿ. ಸ್ಥಾವರ ನಿಗದಿತ ಅವಧಿಗೆ ಒಂದು ನಮೂನೆಯನ್ನು ತುಂಬಿ ಕಳಿಸಬೇಕು. ಒಂದು ಅಂಕಣದಲ್ಲಿ ಅಳೆದ ಅಂಕಿ, ಪಕ್ಕದಲ್ಲಿ ಪರವಾನಗಿಯ ಮಿತಿ, ಇನ್ನೊಂದರಲ್ಲಿ ಎಷ್ಟು ಸಲ ಮಿತಿ ಮೀರಿತು ಎಂಬ ಲೆಕ್ಕ, ಎಷ್ಟು ದಿನಕ್ಕೊಮ್ಮೆ ಮಾದರಿ ತೆಗೆದರು ಎಂಬ ವಿವರ. ಕೊನೆಗೆ ಜವಾಬ್ದಾರಿಯುತ ಅಧಿಕಾರಿಯೊಬ್ಬರ ಸಹಿ. ಸುಳ್ಳು ಬರೆದರೆ ದಂಡ, ಸೆರೆವಾಸ ಎರಡೂ ಸಾಧ್ಯ ಎಂಬ ಮಾತು ಆ ಸಹಿಯ ಮೇಲೆಯೇ ಅಚ್ಚಾಗಿರುತ್ತದೆ. ಜನರ ಆರೋಗ್ಯಕ್ಕೋ ಪರಿಸರಕ್ಕೋ ಅಪಾಯ ತರಬಹುದಾದ ಉಲ್ಲಂಘನೆಯಾದರೆ 24 ಗಂಟೆಯೊಳಗೆ ಬಾಯಿಮಾತಿನಲ್ಲಿ, ಐದು ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ಏನಾಯಿತು, ಏಕಾಯಿತು, ಎಷ್ಟು ಹೊತ್ತು ನಡೆಯಿತು, ಮತ್ತೆ ಆಗದಂತೆ ಏನು ಮಾಡುತ್ತೀರಿ ಎಂಬ ನಾಲ್ಕೂ ಆ ಪತ್ರದಲ್ಲಿ ಬರಬೇಕು. ಮಾಲಿನ್ಯ ಮಾಡಿದವನಿಂದಲೇ ಕಾರಣವನ್ನು ಬರೆಸಿಕೊಳ್ಳುವ ಈ ನಿಯಮ ನನಗೆ ಇಡೀ ಕಾಯ್ದೆಯಲ್ಲೇ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಕ್ಲೋರಿನ್ ಒಂದು ದಿನ ಮಿತಿ ಮೀರಿತು, ವಾರದ ಮಾದರಿ ತೆಗೆಯುವುದು ತಪ್ಪಿಹೋಯಿತು ಎಂಬಂಥ ಸಣ್ಣ ಲೋಪವೂ ಕಾಗದಕ್ಕೆ ಇಳಿದಾಗ ಅಲ್ಲಿ ಕೆಲಸ ಮಾಡುವವರಿಗೆ ಒಂದು ಶಿಸ್ತು ಬರುತ್ತದೆ.

ದೋಷ ಶುರುವಾಗುವುದು ಅಣುಸ್ಥಾವರದ ಗೇಟಿನಲ್ಲಿ. ಕೊಲರಾಡೊ ರಾಜ್ಯದ ಫೋರ್ಟ್ ಸೇಂಟ್ ವ್ರೇನ್ ಸ್ಥಾವರದ ವಿಷಯವಾಗಿ ಒಂದು ನಾಗರಿಕ ಸಂಘಟನೆ ಕೋರ್ಟಿಗೆ ಹೋಗಿತ್ತು. ನದಿಗೆ ಬಿಡುವ ವಿಕಿರಣಶೀಲ ವಸ್ತುವನ್ನೂ ಶುದ್ಧ ಜಲ ಕಾಯ್ದೆಯಡಿ ಪರಿಸರ ಇಲಾಖೆಯೇ ನಿಯಂತ್ರಿಸಬೇಕು ಎಂಬುದು ಅವರ ವಾದ. 1976ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಅಣುಶಕ್ತಿ ಕಾಯ್ದೆಯಡಿ ಬರುವ ವಿಕಿರಣಶೀಲ ವಸ್ತುಗಳು ಜಲ ಕಾಯ್ದೆ ಹೇಳುವ ಮಾಲಿನ್ಯದೊಳಗೆ ಸೇರುವುದಿಲ್ಲ ಎಂದಿತು. ಅಂದಿನಿಂದ ಒಂದೇ ಕೊಳವೆಯ ನೀರಿಗೆ ಇಬ್ಬರು ಯಜಮಾನರು. ಬಿಸಿ, ಕ್ಲೋರಿನ್, ಎಣ್ಣೆಯ ಲೆಕ್ಕ ರಾಜ್ಯದ ಪರಿಸರ ಇಲಾಖೆಗೆ. ವಿಕಿರಣದ ಲೆಕ್ಕ ವಾಷಿಂಗ್ಟನ್ ಪಕ್ಕದ ಅಣು ನಿಯಂತ್ರಣ ಆಯೋಗಕ್ಕೆ. ನೀರು ಕೊಳವೆಯೊಳಗೆ ಇರುವಷ್ಟು ಕಾಲ ಈ ಹಂಚಿಕೆ ಹೇಗೋ ನಡೆಯುತ್ತದೆ. ನೀರು ಕೊಳವೆಯಿಂದ ಸೋರಿ ನೆಲಕ್ಕೆ ಇಳಿದಾಗ, ಅದು ಯಾರ ನಮೂನೆಯ ಯಾವ ಅಂಕಣಕ್ಕೆ ಸೇರಬೇಕೆಂಬುದೇ ಅಸ್ಪಷ್ಟವಾಗುತ್ತದೆ. ಬ್ರೇಡ್‌ವುಡ್‌ನಲ್ಲಿ ಆದದ್ದು ಇದೇ. ಹಳೆಯ ಸೋರಿಕೆಗಳಾದಾಗ ಅವುಗಳ ವಿಕಿರಣದ ಪರಿಣಾಮವನ್ನು ಕಂಪನಿ ಸರಿಯಾಗಿ ಅಂದಾಜು ಮಾಡಲಿಲ್ಲ ಎಂದು ಅಣು ನಿಯಂತ್ರಣ ಆಯೋಗವೇ 2006ರಲ್ಲಿ ದಾಖಲಿಸಿತು. ಅಷ್ಟು ಹೊತ್ತಿಗೆ ಗೋಡ್ಲಿ ಎಂಬ ಪಕ್ಕದ ಊರಿಗೆ ಕಂಪನಿ ಬಾಟಲಿ ನೀರು ಹಂಚಲು ಶುರುಮಾಡಿತ್ತು.

ಇಲಿನಾಯ್ ರಾಜ್ಯ ಮುಂದೆ ನಡೆದುಕೊಂಡ ರೀತಿ ಮೆಚ್ಚುವಂಥದ್ದು. ಅಟಾರ್ನಿ ಜನರಲ್ ಲೀಸಾ ಮ್ಯಾಡಿಗನ್ 2006ರ ಮಾರ್ಚ್‌ನಲ್ಲಿ ಬ್ರೇಡ್‌ವುಡ್ ನಡೆಸುತ್ತಿದ್ದ ಎಕ್ಸೆಲಾನ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು. ಅದೇ ವರ್ಷ ರಾಜ್ಯ ಹೊಸ ಕಾನೂನು ಮಾಡಿ, ಪರವಾನಗಿ ಇಲ್ಲದೆ ಹೊರಹೋದ ವಿಕಿರಣಶೀಲ ವಸ್ತುವಿನ ವಿಷಯವನ್ನು 24 ಗಂಟೆಯೊಳಗೆ ರಾಜ್ಯಕ್ಕೆ ತಿಳಿಸಲೇಬೇಕೆಂದು ಕಟ್ಟುಮಾಡಿತು. 2010ರಲ್ಲಿ ಬ್ರೇಡ್‌ವುಡ್ ಸೇರಿದಂತೆ ಮೂರು ಸ್ಥಾವರಗಳ ಬಾಬ್ತು ಹತ್ತು ಲಕ್ಷ ಡಾಲರ್‌ಗೂ ಮೀರಿದ ಮೊತ್ತಕ್ಕೆ ರಾಜಿಯಾಯಿತು. ಇಡೀ ದೇಶಕ್ಕೆ ಅನ್ವಯಿಸುವ ಇಂಥದೇ ಮಸೂದೆಯನ್ನು ಆಗ ಇಲಿನಾಯ್‌ನ ಸೆನೆಟರ್ ಆಗಿದ್ದ ಬರಾಕ್ ಒಬಾಮ 2006ರಲ್ಲಿ ಮಂಡಿಸಿದ್ದರು. ಸಮಿತಿಯಲ್ಲಿ ಅದರ ಕಡ್ಡಾಯದ ಮಾತು ಸಡಿಲವಾಯಿತು, ನಿಯಮ ಮಾಡುವ ಹೊಣೆ ಆಯೋಗದ ಮೇಲೆ ಬಿತ್ತು, ಕೊನೆಗೆ ಮಸೂದೆ ಕಾಯ್ದೆಯಾಗಲೇ ಇಲ್ಲ. ಉದ್ಯಮದವರು ತಾವಾಗಿ ಒಂದು ಅಂತರ್ಜಲ ರಕ್ಷಣಾ ಕ್ರಮವನ್ನು ಒಪ್ಪಿಕೊಂಡರು. ಬಾವಿ ತೋಡಿ ಮಾದರಿ ತೆಗೆಯುವುದು, ಸೋರಿದಾಗ ರಾಜ್ಯಕ್ಕೂ ಸ್ಥಳೀಯ ಆಡಳಿತಕ್ಕೂ ತಿಳಿಸುವುದು ಅದರಲ್ಲಿ ಇದೆ. ಅದರಿಂದ ಅನೇಕ ಸೋರಿಕೆಗಳು ಬೇಗ ಪತ್ತೆಯಾಗಿವೆ, ಅದನ್ನು ಅಲ್ಲಗಳೆಯಲಾಗದು. ಆದರೆ ಸ್ವಇಚ್ಛೆಯ ಕಟ್ಟುಪಾಡು ಮುರಿದವರಿಗೆ ಶಿಕ್ಷೆ ಇಲ್ಲ. ನೆರೆಮನೆಯವರ ಕುಡಿಯುವ ನೀರಿನ ವಿಷಯವನ್ನು ಕಂಪನಿಯ ಸೌಜನ್ಯಕ್ಕೆ ಬಿಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ಆ ತಪ್ಪಿನ ಫಲ ಕಂಡದ್ದು ಮಿನೆಸೋಟದಲ್ಲಿ. ಮಿಸಿಸಿಪಿ ನದಿ ದಂಡೆಯ ಮಾಂಟಿಸೆಲೊ ಸ್ಥಾವರದಲ್ಲಿ 2022ರ ನವೆಂಬರ್‌ನಲ್ಲಿ ಎರಡು ಕಟ್ಟಡಗಳ ನಡುವಿನ ಕೊಳವೆಯೊಂದರಿಂದ ಟ್ರಿಟಿಯಂ ನೀರು ಸೋರಿತು. ಸುಮಾರು ನಾಲ್ಕು ಲಕ್ಷ ಗ್ಯಾಲನ್, ಅಂದರೆ ಹದಿನೈದು ಲಕ್ಷ ಲೀಟರ್. ಅಲ್ಲಿನ ಕಂಪನಿ ನವೆಂಬರ್ 22ರಂದು ರಾಜ್ಯಕ್ಕೂ ಅಣು ನಿಯಂತ್ರಣ ಆಯೋಗಕ್ಕೂ ತಿಳಿಸಿತು. ಆಯೋಗ ಮರುದಿನವೇ ಅದನ್ನು ತನ್ನ ಘಟನಾವಳಿಯಲ್ಲಿ ಪ್ರಕಟಿಸಿತು. ಕಾನೂನಿನ ಕಣ್ಣಿನಲ್ಲಿ ಎಲ್ಲವೂ ಸಕಾಲಕ್ಕೆ ಆಯಿತು. ಊರಿನವರಿಗೆ ಕಂಪನಿಯೂ ರಾಜ್ಯವೂ ಬಾಯಿಬಿಟ್ಟು ಹೇಳಿದ್ದು 2023ರ ಮಾರ್ಚ್ 16ರಂದು, ಹತ್ತಿರಹತ್ತಿರ ನಾಲ್ಕು ತಿಂಗಳ ಮೇಲೆ. ಇನ್ನಷ್ಟು ಮಾಹಿತಿ ಸಿಗಲೆಂದು ಕಾಯುತ್ತಿದ್ದೆವು ಎಂದು ರಾಜ್ಯದ ಅಧಿಕಾರಿಗಳು ಕಾರಣ ಕೊಟ್ಟರು. ಒಂದು ವಾರದೊಳಗೆ, ಸೋರುವ ನೀರನ್ನು ಹಿಡಿದಿಡಲು ಮಾಡಿದ್ದ ತಾತ್ಕಾಲಿಕ ಏರ್ಪಾಡೂ ತುಂಬಿ ಹರಿದು ಇನ್ನೂ ಕೆಲವು ನೂರು ಗ್ಯಾಲನ್ ನೆಲ ಸೇರಿತು. ಆಗ ಸ್ಥಾವರವನ್ನೇ ನಿಲ್ಲಿಸಿ ಕೊಳವೆ ದುರಸ್ತಿಗೆ ಕೈಹಾಕಿದರು.

ಮಾಂಟಿಸೆಲೊ ಪ್ರಕರಣವನ್ನು ಬ್ರೇಡ್‌ವುಡ್‌ಗಿಂತ ಗಂಭೀರವಾಗಿ ನೋಡಬೇಕೆಂದು ನನಗನ್ನಿಸುವುದು ಇದೇ ಕಾರಣಕ್ಕೆ. ಬ್ರೇಡ್‌ವುಡ್‌ನಲ್ಲಿ ಲೋಪ ನಡೆಯಿತು, ಶಿಕ್ಷೆಯೂ ಆಯಿತು. ಮಾಂಟಿಸೆಲೊದಲ್ಲಿ ವರದಿಯ ನಿಯಮವನ್ನು ಪಾಲಿಸಿದ ಮೇಲೂ ಊರಿನವರು ಕತ್ತಲೆಯಲ್ಲಿದ್ದರು. ಆಯೋಗದ ಪ್ರಕಟಣೆ ಸಾರ್ವಜನಿಕವೇ ಹೌದು. ಘಟನೆಯ ಸಂಖ್ಯೆ, ನಿಯಮದ ಕಲಂ, ಏಕಮಾನಗಳಿಂದ ತುಂಬಿದ ಆ ಪುಟವನ್ನು ದಿನಾ ತೆರೆದು ನೋಡುವವರು ಪತ್ರಕರ್ತರಲ್ಲೇ ಕೆಲವರು. ಬಾವಿಯಿಂದ ನೀರು ಸೇದುವ ಮನೆಯವರಿಗೆ ಅದನ್ನು ನೋಡಬೇಕೆಂದು ಹೊಳೆಯುವುದಾದರೂ ಹೇಗೆ? ಮಾಂಟಿಸೆಲೊದ ನೀರು ಸ್ಥಾವರದ ಆವರಣ ದಾಟಿ ಕುಡಿಯುವ ನೀರಿಗೆ ಸೇರಿರಲಿಲ್ಲ ಎಂದು ಕಂಪನಿ, ಸರ್ಕಾರ ಎರಡೂ ಹೇಳಿದವು. ಹಾಗಿದ್ದರೆ ಅದನ್ನೇ ನವೆಂಬರ್‌ನಲ್ಲಿ ಹೇಳಿದ್ದರೆ ಜನ ನಂಬುತ್ತಿದ್ದರು. ಮಾರ್ಚ್‌ನಲ್ಲಿ ಹೇಳಿದಾಗ ಅದೇ ನಿಜ ಸಮಜಾಯಿಷಿಯಂತೆ ಕೇಳಿಸಿತು.

ಅದೇ ಮಾರ್ಚ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಸ್ಥಾವರ ನಿಂತ ಕೂಡಲೇ ಅದು ನದಿಗೆ ಬಿಡುತ್ತಿದ್ದ ಬೆಚ್ಚನೆಯ ನೀರೂ ನಿಂತಿತು. ಚಳಿಗಾಲವಿಡೀ ಆ ಬೆಚ್ಚನೆಯ ಹರಿವಿನಲ್ಲಿ ಸೇರಿಕೊಂಡಿದ್ದ ಮೀನುಗಳು ಇದ್ದಕ್ಕಿದ್ದಂತೆ ತಣ್ಣನೆಯ ನೀರಿಗೆ ಸಿಕ್ಕಿ, ಕನಿಷ್ಠ 230 ಸತ್ತವು. ಅವನ್ನು ಕೊಂದದ್ದು ಟ್ರಿಟಿಯಂ ಅಲ್ಲ, ತಾಪಮಾನದ ಇಳಿತ. ಟ್ರಿಟಿಯಂ ಸುದ್ದಿ ಹೊರಬಿದ್ದ ಎರಡೇ ವಾರದೊಳಗೆ ನದಿಯಲ್ಲಿ ಸತ್ತ ಮೀನು ತೇಲಿದರೆ ಜನ ಏನೆಂದುಕೊಳ್ಳಬೇಕು? ಈ ಸಲ ಕಾರಣವನ್ನು ತಡಮಾಡದೆ ಹೇಳಿದರು. ವಿಕಿರಣದ ಮಾತು ಬಂದಾಗಲೆಲ್ಲ ನಾವು ಬಿಸಿನೀರನ್ನು ಮರೆಯುತ್ತೇವೆ. ಅಣುಸ್ಥಾವರ ತಾನು ಹುಟ್ಟಿಸಿದ ಶಾಖದಲ್ಲಿ ಮೂರನೇ ಎರಡರಷ್ಟನ್ನು ವಿದ್ಯುತ್ತಾಗಿಸಲಾಗದೆ ನೀರಿಗೋ ಗಾಳಿಗೋ ಬಿಡುತ್ತದೆ. ನದಿಯ ಜೀವಗಳ ಮಟ್ಟಿಗೆ ಪರವಾನಗಿಯ ತಾಪಮಾನದ ಅಂಕಣ ಬಹಳ ಮುಖ್ಯವಾದದ್ದು.

ಜಪಾನಿನಲ್ಲೂ ಇದೇ ರೋಗ. ಫುಕುಶಿಮಾ ದಾಯಿಚಿ ಅಣುಸ್ಥಾವರದ ಎರಡನೇ ರಿಯಾಕ್ಟರ್ ಕಟ್ಟಡದ ಚಾವಣಿಯ ಮಳೆನೀರು ಕಾಲುವೆ ಹಿಡಿದು ಸಮುದ್ರ ಸೇರುತ್ತಿದ್ದುದು, ಮಳೆ ಬಂದಾಗ ಆ ಕಾಲುವೆಯಲ್ಲಿ ವಿಕಿರಣ ಏರುತ್ತಿದ್ದುದು ಟೆಪ್ಕೊ ಕಂಪನಿಗೆ 2014ರಲ್ಲೇ ಗೊತ್ತಿತ್ತು. ಹೊರಗೆ ಹೇಳಿದ್ದು 2015ರ ಫೆಬ್ರವರಿಯಲ್ಲಿ. 2023ರ ಆಗಸ್ಟ್‌ನಲ್ಲಿ ಸಂಸ್ಕರಿಸಿದ ನೀರನ್ನು ಸಮುದ್ರಕ್ಕೆ ಬಿಡಲು ತೊಡಗಿದಾಗ ಮೀನುಗಾರರು ಕಂಪನಿಯ ಅಂಕಿಗಳನ್ನು ನಂಬಲು ಹಿಂಜರಿದದ್ದಕ್ಕೆ ಇಂಥ ಹಿಂದಿನ ಮೌನಗಳೂ ಕಾರಣ.

ನಮ್ಮ ಕೈಗಾ ಅಣುಸ್ಥಾವರ ಈ ಮಾತಿನಿಂದ ಹೊರಗೇನಿಲ್ಲ. ಕಾಳಿ ನದಿಯ ಕದ್ರಾ ಜಲಾಶಯದ ಅಂಚಿನಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಭಾರಜಲದ ರಿಯಾಕ್ಟರುಗಳಾದ್ದರಿಂದ ಇಲ್ಲಿ ಟ್ರಿಟಿಯಂ ಹುಟ್ಟುವುದು ಬ್ರೇಡ್‌ವುಡ್ ಬಗೆಯ ರಿಯಾಕ್ಟರುಗಳಿಗಿಂತ ಹೆಚ್ಚು. ಅಧಿಕಾರ ಇಲ್ಲಿಯೂ ಎರಡಾಗಿ ಒಡೆದಿದೆ. ಸಾಮಾನ್ಯ ತ್ಯಾಜ್ಯನೀರಿಗೆ ಜಲ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಬೇಕು. ವಿಕಿರಣಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿ ಮಿತಿ ಹಾಕುತ್ತದೆ. ನದಿಯ ನೀರು, ಮೀನು, ಹಾಲು, ತರಕಾರಿಯನ್ನು ಪರೀಕ್ಷಿಸುವ ಪರಿಸರ ಪ್ರಯೋಗಾಲಯ ಭಾಭಾ ಅಣು ಸಂಶೋಧನಾ ಕೇಂದ್ರದ್ದು. ಹೀಗೆ ಅಳೆಯುವವರೂ ಅಣುಶಕ್ತಿ ಇಲಾಖೆಯವರೇ. ನಿಯಂತ್ರಣ ಮಂಡಳಿಯ ವಾರ್ಷಿಕ ವರದಿಯಲ್ಲಿ ಪ್ರತಿ ಸ್ಥಾವರ ಹೊರಬಿಟ್ಟದ್ದು ಮಿತಿಯ ಶೇಕಡಾ ಎಷ್ಟು ಎಂಬ ಪಟ್ಟಿ ಬರುತ್ತದೆ. ವರ್ಷಕ್ಕೊಂದು ಶೇಕಡಾವಾರು ಅಂಕಿ ಇಲ್ಲದಿರುವುದಕ್ಕಿಂತ ಮೇಲು ನಿಜ. ಯಾವ ತಿಂಗಳು ಏರಿತು, ಏಕೆ ಏರಿತು, ಅಂದು ನದಿಯಲ್ಲಿ ಎಷ್ಟು ನೀರಿತ್ತು ಎಂಬುದು ಅದರಿಂದ ತಿಳಿಯುವುದಿಲ್ಲ. ಅಮೆರಿಕದ ನಮೂನೆ ಕ್ಲೋರಿನ್, ತಾಪಮಾನದ ಮಟ್ಟಿಗಾದರೂ ಯಾವಾಗ ಏರಿತು ಎಂಬುದನ್ನು ಹೇಳುತ್ತದೆ. ಬರೆಸುವ ಶಿಸ್ತಿನಲ್ಲಿ ಅವರು ನಮಗಿಂತ ಬಹಳ ಮುಂದೆ, ಊರಿಗೆ ಹೇಳುವುದರಲ್ಲಿ ಇಬ್ಬರೂ ಹಿಂದೆ.

ನಮ್ಮ ಕಾಯ್ದೆ ಬರಿಗೈಯದ್ದಲ್ಲ. 1974ರ ಜಲ ಕಾಯ್ದೆಯ 31ನೇ ಕಲಂ ಪ್ರಕಾರ, ಅಪಘಾತದಿಂದ ಮಾಲಿನ್ಯ ನೀರಿಗೆ ಸೇರಿದರೆ ಆ ಸ್ಥಳದ ಹೊಣೆ ಹೊತ್ತವರು ಕೂಡಲೇ ರಾಜ್ಯ ಮಂಡಳಿಗೆ ತಿಳಿಸಬೇಕು. 25ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ಸಮ್ಮತಿಯ ಷರತ್ತುಗಳನ್ನು ಮಂಡಳಿ ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು, ಆ ಕೊಳವೆಬಾಯಿಯಿಂದ ಬಾಧಿತರಾದವರು ಅಥವಾ ಅದರಲ್ಲಿ ಆಸಕ್ತಿ ಇರುವವರು ಯಾರೇ ಬಂದು ನೋಡಲು ಅದು ತೆರೆದಿರಬೇಕು. ಟ್ರಿಟಿಯಂಗೂ ಇಂಥದೊಂದು ರಿಜಿಸ್ಟರ್ ಬೇಕು. ತಿಂಗಳ ಅಂಕಿ, ಮಿತಿ, ಮೀರಿದ್ದರೆ ಕಾರಣ ಇಷ್ಟನ್ನೂ ಕನ್ನಡದಲ್ಲಿ ಕದ್ರಾ, ಮಲ್ಲಾಪುರದ ಪಂಚಾಯಿತಿ ಕಚೇರಿಗಳ ಗೋಡೆಗೆ ಹಚ್ಚಬೇಕು. ಸೋರಿಕೆಯಾದರೆ ದೆಹಲಿ, ಮುಂಬೈಗೆ ಫೋನ್ ಹೋಗುವ ದಿನವೇ ಪಂಚಾಯಿತಿಗೂ ಫೋನ್ ಬರಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಅಂಕಿಗಳು ಈಗಲೂ ಪ್ರಯೋಗಾಲಯದಲ್ಲಿವೆ.

ಕಾಳಿ ದಂಡೆಯಲ್ಲಾಗಲಿ, ಬೇರೆ ಯಾವುದೇ ಕಾರ್ಖಾನೆಯ ಕೆಳಹರಿವಿನಲ್ಲಾಗಲಿ ವಾಸವಿರುವ ಓದುಗರು ದಯವಿಟ್ಟು ಒಮ್ಮೆ ನಿಮ್ಮ ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಹೋಗಿ, 25ನೇ ಕಲಂ ಹೆಸರು ಹೇಳಿ, ಆ ರಿಜಿಸ್ಟರ್ ತೋರಿಸಿ ಎಂದು ಕೇಳಿ. ಇಲ್ಲ ಎಂದರೆ ಬರೆದು ಕೊಡಲು ಹೇಳಿ.