ಟೇಲರ್ ಸಾಹೇಬರ ಶೀರ್ಷಿಕೆ: ಒಂದು ವ್ಯಾಖ್ಯಾನ

ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಜೇವರ್ಗಿಯ ಕಲ್ಗೋರಿಗಳನ್ನು ಅಗೆಸಿ ನೋಡಿದವರು. 1860ರ ದಶಕದಲ್ಲಿ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿ ಅವರ ಪ್ರಬಂಧವನ್ನು ಅಚ್ಚು ಹಾಕಿತು. ಅದರ ಮಾರುದ್ದದ ಹೆಸರನ್ನು ಕನ್ನಡದಲ್ಲಿ ತುಂಡುತುಂಡಾಗಿ ಓದೋಣ.

‘ಕಲ್ಗುಪ್ಪೆ, ಕಲ್ಮನೆ, ಕಲ್ಪೆಟ್ಟಿಗೆಗಳ ವಿವರಣೆ’

ಇಲ್ಲಿ ಟೇಲರ್ ಗಟ್ಟಿಗ. ನೆಲದ ಮೇಲೆ ಪೇರಿಸಿದ ಗುಂಡುಗಳು ಗುಪ್ಪೆ. ನಿಂತ ಚಪ್ಪಡಿಗಳಿಗೆ ಮೇಲೊಂದು ಮುಚ್ಚಿದರೆ ಮನೆ. ಅದನ್ನೇ ಹೂತರೆ ಪೆಟ್ಟಿಗೆ. ಮಣ್ಣಿನ ಪದರಗಳನ್ನೂ ಅವರು ಚಿತ್ರಿಸಿದರು, ಆ ಕಾಲಕ್ಕೆ ಅದು ಅಪರೂಪ. ಬಂಗಾರಪೇಟೆ ತಾಲ್ಲೂಕಿನ ಹುಂಕುಂದದಲ್ಲಿ ಇಂಥ ಕಲ್ಮನೆಗಳಿವೆ. ನಮ್ಮ ಕಡೆ ಹಳ್ಳಿಯವರು ಇವನ್ನು ಪಾಂಡವರ ಲೆಕ್ಕಕ್ಕೆ ಬರೆದುಬಿಡುತ್ತಾರೆ. ನನಗೆ ಪಾಂಡವರಿಗಿಂತ ಚಪ್ಪಡಿ ಎಬ್ಬಿಸಿದವರ ಮೇಲೆಯೇ ಕುತೂಹಲ. ಬಂಡೆಯ ಮೇಲೆ ಬೆಂಕಿಯನ್ನು ನಿಧಾನವಾಗಿ ಸರಿಸುತ್ತ ಹೋದರೆ ಕಾದ ಪದರ ಹಿಗ್ಗಿ ತಳದಿಂದ ಬಿಡುತ್ತದೆ. ಆಮೇಲೆ ಬೇಕಾದ ಅಳತೆಗೆ ಒಡೆದುಕೊಳ್ಳುವುದು. ಈ ಸೀಮೆಯ ಕಲ್ಲುಕುಟಿಗರಿಗೆ ಗೊತ್ತಿರುವ ವಿದ್ಯೆ. ಹಳಬರೂ ಹೀಗೇ ಮಾಡಿರಬೇಕು. ಎಷ್ಟೋ ಕಲ್ಮನೆಗಳಲ್ಲಿ ಒಂದು ಚಪ್ಪಡಿಗೆ ದುಂಡನೆಯ ಕಿಂಡಿ ಕೊರೆದಿದೆ. ಗ್ರಾನೈಟಿನಲ್ಲಿ ಅಷ್ಟು ದುಂಡಗೆ ಕೊರೆಯುವುದು ಆತುರದವರ ಕೆಲಸವಲ್ಲ.

‘ಮತ್ತಿತರ ಕೆಲ್ಟಿಕ್’

ಇಲ್ಲಿ ಎಡವಿದರು. ಯುರೋಪಿನ ಕಲ್ಗೋರಿಗಳೇ ಕೆಲ್ಟರವಲ್ಲ. ಸ್ಟೋನ್‌ಹೆಂಜ್‌ಗೆ 4,000 ವರ್ಷ ದಾಟಿದೆ. ಕೆಲ್ಟರ ಕುರುಹು ತಿಳಿಯಾಗಿ ಕಾಣುವುದು ಕ್ರಿ.ಪೂ. 800ರ ಸುಮಾರಿನ ಹಾಲ್‌ಸ್ಟಾಟ್ ಸಂಸ್ಕೃತಿಯಿಂದ. ಅವರ ಕೈಚಳಕ ಬೇರೆ ಕಡೆಗಿತ್ತು: ಬಳ್ಳಿಯಂತೆ ಸುತ್ತುವ ವಿನ್ಯಾಸದ ಚಿನ್ನದ ಕಂಠಿ, ಕಂಚಿನ ಮೇಲೆ ಕೆಂಪು ಎನಾಮೆಲ್, ಉಂಗುರಕ್ಕೆ ಉಂಗುರ ಕೋದ ಕಬ್ಬಿಣದ ಅಂಗಿ, ಮರದ ಚಕ್ರಕ್ಕೆ ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಿ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮವರು ಕಬ್ಬಿಣದ ಕತ್ತಿ, ಕುಡುಗೋಲು, ಕುದುರೆಯ ಕಡಿವಾಣ ಬಡಿಯುತ್ತಿದ್ದರು. ಮಡಕೆಯನ್ನು ಬೋರಲು ಹಾಕಿ ಸುಟ್ಟು, ಗಾಳಿ ಸಿಗದ ಒಳಮೈ ಕಪ್ಪಾಗಿ, ಹೊರಮೈ ಕೆಂಪಾಗಿ ಬರುವಂತೆ ಮಾಡುತ್ತಿದ್ದರು. ಕಬ್ಬಿಣ ಇಬ್ಬರಿಗೂ ಇತ್ತು. ಅಷ್ಟಕ್ಕೇ ನಂಟಸ್ತಿಕೆ ಹೇಳಲಾಗದು.

‘ಡ್ರೂಯಿಡ್ ಅಥವಾ ಸಿಥಿಯನ್’

ಡ್ರೂಯಿಡರು ಕೆಲ್ಟರ ಪುರೋಹಿತರು. ಅವರನ್ನು ಸ್ಟೋನ್‌ಹೆಂಜ್‌ಗೆ ಗಂಟು ಹಾಕಿ ಹೆಸರಾದವರು 18ನೇ ಶತಮಾನದ ವಿಲಿಯಂ ಸ್ಟಕ್ಲಿ. ಸಿಥಿಯನ್ನರು ಹುಲ್ಲುಗಾವಲಿನ ಕುದುರೆ ಸವಾರರು. ನಡುವಿನ ‘ಅಥವಾ’ವೇ ಹೇಳುತ್ತದೆ, ಟೇಲರಿಗೂ ಖಚಿತವಿರಲಿಲ್ಲ.

‘ದಖ್ಖನಿನ ಸ್ಮಾರಕಗಳು’

ಟೇಲರ್ ಕಂಡ ದಖ್ಖನ್ ಭೀಮಾ, ಕೃಷ್ಣೆಯರ ಸೀಮೆ. ನಮ್ಮ ಕಡೆಯ ಹುಂಕುಂದ ಅದರಾಚೆ. ಯಾರು ಕಟ್ಟಿದರೆಂದು ಮೂರು ಪರದೇಶಿ ಹೆಸರು ಹೇಳುವ ಶೀರ್ಷಿಕೆಯಲ್ಲಿ ಈ ನೆಲದವರಿಗೆ ಜಾಗವಿಲ್ಲ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗ ಕಲ್ಗೋರಿಯವರ ಪದರ ನಯಗೊಳಿಸಿದ ಕಲ್ಗೊಡಲಿಯವರ ಪದರಕ್ಕೆ ತಾಗಿಕೊಂಡೇ ಮೇಲೆ ಬಂತು. ಕಲ್ಗೋರಿಯವರು ಹೊರಗಿನವರೆಂದೇ ವೀಲರ್ ಕೂಡ ಬಗೆದರು. ಇಲ್ಲಿಯವರೇ ಕಬ್ಬಿಣ ಕಲಿತರು ಎನ್ನುವ ವಿದ್ವಾಂಸರು ಈಗ ಹಲವರಿದ್ದಾರೆ. ನನ್ನ ಒಲವೂ ಆ ಕಡೆಗೇ.