ಮಣ್ಣಿನ ಸಿನಿಮಾಗಳಲ್ಲಿ ಪಹಣಿ ಯಾರ ಹೆಸರಿಗೆ?

‘ಬಂಗಾರದ ಮನುಷ್ಯ’ ನೋಡಿ ಪಟ್ಟಣದ ಹುಡುಗರು ಕೆಲಸ ಬಿಟ್ಟು ಹಳ್ಳಿಗೆ ಮರಳಿದರು, ಬೇಸಾಯಕ್ಕೆ ಇಳಿದರು ಎಂಬ ಮಾತನ್ನು ಐವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ಕೆಲವರು ಹೋಗಿಯೂ ಇರಬಹುದು. ಆದರೆ ಚಿತ್ರದ ಕೊನೆಯ ಭಾಗವನ್ನು ಮರೆತರೆ ಮಾತ್ರ ಆ ಮಾತು ಹೇಳಲು ಸಾಧ್ಯ.

ಇತ್ತೀಚೆಗೆ ಅದನ್ನು ಮತ್ತೆ ನೋಡಿದೆ. ಅದರ ಬೆನ್ನಿಗೇ ‘ಭೂತಯ್ಯನ ಮಗ ಅಯ್ಯು’, ‘ತಿಥಿ’, ‘ಕಾಂತಾರ’. ನೋಡಿದ್ದು ಬೆಂಗಳೂರಿನ ಹೂಡಿಯಲ್ಲಿ ಕೂತು. ಇಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಅಪಾರ್ಟ್‌ಮೆಂಟು, ಪಿ.ಜಿ., ಟೆಕ್ ಪಾರ್ಕುಗಳು ಎದ್ದಿವೆ. 2023ರ ಮಾರ್ಚ್‌ನಿಂದ ತಲೆಯ ಮೇಲೆ ನೇರಳೆ ಮಾರ್ಗದ ಮೆಟ್ರೊ ಓಡುತ್ತಿದೆ. ನಡುವೆ ಅಲ್ಲೊಂದು ಇಲ್ಲೊಂದು ಉಳಿದ ಖಾಲಿ ಜಾಗದ ಕಾಂಪೌಂಡಿನ ಮೇಲೆ, ಈ ಸ್ವತ್ತು ವ್ಯಾಜ್ಯದಲ್ಲಿದೆ, ಯಾರೂ ಕೊಳ್ಳಬಾರದು ಎಂದು ಕೆಂಪು ಬಣ್ಣದಲ್ಲಿ ಬರೆದಿರುತ್ತಾರೆ. ಎ ಖಾತಾ, ಬಿ ಖಾತಾ ಎಂಬ ಮಾತಿಲ್ಲದೆ ಟೀ ಅಂಗಡಿಯ ಹರಟೆ ಮುಗಿಯುವುದಿಲ್ಲ. ಇಂಥ ಊರಿನಲ್ಲಿ ಕೂತು ನೋಡುವವರಿಗೆ ಸಿನಿಮಾದ ಹಸಿರು ಹೊಲ ಕಂಡ ಕೂಡಲೇ ಒಂದು ಪ್ರಶ್ನೆ ಏಳುತ್ತದೆ: ಇದು ಯಾರ ಹೆಸರಿನಲ್ಲಿದೆ? ಮಣ್ಣಿನ ವಾಸನೆಯ ಚಿತ್ರಗಳೆಂದು ನಾವು ಹೊಗಳುವವನ್ನು ಈ ಪ್ರಶ್ನೆಯಿಂದ ಅಳೆದರೆ, ನಮ್ಮ ಮೆಚ್ಚುಗೆಯ ಪಟ್ಟಿ ಮೇಲು ಕೆಳಗಾಗುತ್ತದೆ.

ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು 1972ರಲ್ಲಿ ಮಾಡಿದ ‘ಬಂಗಾರದ ಮನುಷ್ಯ’ದಲ್ಲಿ ರಾಜೀವ ಅಕ್ಕನ ಊರಿಗೆ ಬರುತ್ತಾನೆ. ಭಾವ ತೀರಿಕೊಂಡ ಮೇಲೆ ಸಂಸಾರದ ಭಾರ ಹೊರುತ್ತಾನೆ, ಬಂಡೆ ಒಡೆದು ಬರಡು ನೆಲವನ್ನು ಹಸನು ಮಾಡುತ್ತಾನೆ. ಇಲ್ಲಿಯವರೆಗಿನದನ್ನು ನಾಡು ಎದೆಗೆ ಒತ್ತಿಕೊಂಡಿದೆ. ಮುಂದೇನಾಗುತ್ತದೆ? ತಾನೇ ಓದಿಸಿ ಬೆಳೆಸಿದ ಅಕ್ಕನ ಮಗ ಎದುರು ನಿಲ್ಲುತ್ತಾನೆ. ಅಕ್ಕನ ಮಗನಾಗಿ ವಜ್ರಮುನಿಯವರ ದನಿ ಏರಿದಾಗ ರಾಜೀವ ಆ ಮನೆಗೆ ಹೊರಗಿನವನಾಗಿಬಿಡುತ್ತಾನೆ. ಉಣ್ಣುತ್ತಿದ್ದವನು ಎದ್ದು, ಬರಿಗೈಯಲ್ಲಿ ಊರು ಬಿಟ್ಟು ನಡೆಯುತ್ತಾನೆ. ಮತ್ತೆ ಬರುವುದಿಲ್ಲ.

ಇದನ್ನು ತ್ಯಾಗ ಎಂದು ಕರೆದು ನಾವು ಕಣ್ಣೊರೆಸಿಕೊಂಡೆವು. ನನಗೆ ಕಂಡದ್ದು ಬೇರೆ. ದುಡಿದವನಿಗೆ ನೆಲದ ಮೇಲೆ ಹಕ್ಕಿಲ್ಲದಿದ್ದರೆ ಅವನ ದುಡಿಮೆಗೆ ಬೆಲೆ ಇರುವುದು ಮನೆಯವರ ಮನಸ್ಸು ಒಳ್ಳೆಯದಿರುವಷ್ಟು ದಿನ ಮಾತ್ರ ಎಂಬುದನ್ನು ಇಷ್ಟು ಕಟುವಾಗಿ ಹೇಳಿದ ಜನಪ್ರಿಯ ಚಿತ್ರ ಕನ್ನಡದಲ್ಲಿ ಮತ್ತೊಂದಿಲ್ಲ. ಹಳ್ಳಿಗೆ ಬಾ ಎಂದು ಕರೆಯುವ ಚಿತ್ರವೇ ಬಂದವನನ್ನು ಹಳ್ಳಿ ಹೇಗೆ ಕಳಿಸಿಕೊಡುತ್ತದೆ ಎಂಬುದನ್ನೂ ತೋರಿಸಿದೆ. ರಾಜೀವನಾಗಿ ನಟಿಸಿದ ರಾಜ್‌ಕುಮಾರ್ ಅವರ ಮೇಲಿನ ಭಕ್ತಿಯಿಂದ ಆ ಕಟುತನವನ್ನು ನಾವು ಒರೆಸಿಹಾಕಿದ್ದೇವೆ. ಇದರಿಂದ ಅನ್ಯಾಯವಾದದ್ದು ಅವರಿಗೇ. ಏಕೆಂದರೆ ಅವರು ಅಲ್ಲಿ ಅಭಿನಯಿಸಿರುವುದು ಸಂತನನ್ನಲ್ಲ, ಹೇಳಬೇಕಾದ ಮಾತನ್ನು ನುಂಗಿಕೊಂಡು ಒಳಗೇ ಮುರಿದುಹೋಗುವ ಮನುಷ್ಯನನ್ನು.

ಎರಡು ವರ್ಷದ ನಂತರ ಅದೇ ಸಿದ್ದಲಿಂಗಯ್ಯನವರು ಗೊರೂರರ ಕಥೆಯಿಂದ ‘ಭೂತಯ್ಯನ ಮಗ ಅಯ್ಯು’ ಮಾಡಿದರು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ 1974ರಲ್ಲಿ. ಸಾಲ, ಹಗೆ, ಕೋರ್ಟು ಒಂದು ಊರನ್ನು ಹೇಗೆ ತಿನ್ನುತ್ತವೆ ಎಂಬುದನ್ನು ಚಿತ್ರ ಅಳುಕದೆ ತೋರಿಸುತ್ತದೆ. ಹೊಲ ಎಂದರೆ ಕಾಗದ ಕೂಡ ಎಂಬುದು ಆ ಕಾಲದ ಸಿನಿಮಾಕ್ಕೆ ಚೆನ್ನಾಗಿ ಗೊತ್ತಿತ್ತು.

‘ಕಾಂತಾರ’ (2022) ಆ ತಿಳಿವಳಿಕೆಯನ್ನು ಕೈಬಿಟ್ಟಿತು. ನೆಲದ ಹಕ್ಕಿನ ಬಗ್ಗೆ ನಮ್ಮ ಕಾಲದ ಅತಿ ದಿಟ್ಟ ಚಿತ್ರ ಇದೇ ಎಂಬುದು ಸಾಮಾನ್ಯ ಅಭಿಪ್ರಾಯ. ರಿಷಬ್ ಶೆಟ್ಟಿಯವರ ಕೊನೆಯ ಆವೇಶದ ಎದುರು ನಾನೂ ಮೈಮರೆತಿದ್ದೇನೆ. ಆ ಅಭಿನಯದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಕಥೆ ಹಕ್ಕಿನ ಪ್ರಶ್ನೆಯನ್ನು ಮುಗಿಸುವ ಬಗೆಯಲ್ಲಿ. ರಾಜ 1847ರಲ್ಲಿ ಕೊಟ್ಟ ಮಾತನ್ನು ವಂಶಸ್ಥ ಮುರಿಯಲು ಹೊರಟರೆ ಕೋರ್ಟಿನ ಮೆಟ್ಟಿಲಲ್ಲೇ ಸಾಯುತ್ತಾನೆ. ಒಡೆಯ ನೆಲವನ್ನು ಮೋಸದಿಂದ ಬರೆಸಿಕೊಂಡರೆ ದೈವ ಅವನನ್ನು ಮುಗಿಸುತ್ತದೆ. ಕಡೆಗೆ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ದೈವ ಒಂದುಗೂಡಿಸುತ್ತದೆ. ನೋಡಲು ಅದ್ಭುತ. ಆದರೆ ಮಾರನೆಯ ದಿನ ಆ ನೆಲ ಯಾರ ಹೆಸರಿಗೆ? ಮೀಸಲು ಅರಣ್ಯದ ಗಡಿ ಎಲ್ಲಿ? ಚಿತ್ರ ಅತ್ತ ತಿರುಗುವುದಿಲ್ಲ. ಕಾಡಂಚಿನ ಜನರ ಪಾಡು ನಿಂತಿರುವುದೇ ಆ ಎರಡು ಪ್ರಶ್ನೆಗಳ ಮೇಲೆ.

ಇದೇ ಚಿತ್ರದ ಲೀಲಾಳನ್ನು ನೋಡಿ. ಅವಳ ಪಾತ್ರ ಸಪ್ಪೆ ಎಂದು ಬಹಳ ಜನ ದೂರಿದ್ದಾರೆ. ನನಗೆ ಚಿತ್ರದ ಅತಿ ಮುಖ್ಯ ಪಾತ್ರವಾಗಬಹುದಾಗಿದ್ದವಳು ಅವಳೇ ಅನ್ನಿಸಿತು. ಊರಿನ ಮಗಳು, ಈಗ ಅರಣ್ಯ ಇಲಾಖೆಯ ಸಮವಸ್ತ್ರ ತೊಟ್ಟವಳು. ತನ್ನವರ ಮನೆಗಳ ಬಳಿ ಇಲಾಖೆ ಬೇಲಿ ಹಾಕುವಾಗ ಇಲಾಖೆಯ ಕಡೆ ನಿಂತಿರಬೇಕಾದವಳು. ನೆಲದ ಮೇಲಿನ ಪ್ರೀತಿ ಮತ್ತು ನೆಲದ ಕಾಗದ ಎರಡೂ ಒಂದೇ ಮೈಯಲ್ಲಿ ಗುದ್ದಾಡುವುದು ಅವಳಲ್ಲಿ ಮಾತ್ರ. ಕಥೆ ಅವಳನ್ನು ಅಲ್ಲಿಯವರೆಗೆ ಕರೆತಂದು, ನಾಯಕನ ಪ್ರೇಯಸಿಯ ಜಾಗಕ್ಕೆ ವಾಪಸ್ ಕಳಿಸಿತು.

ಇನ್ನು ‘ತಿಥಿ’. 2015ರಲ್ಲಿ ಲೊಕಾರ್ನೊದಲ್ಲಿ ಗೋಲ್ಡನ್ ಲೆಪರ್ಡ್ ಪಡೆದ ರಾಮ್ ರೆಡ್ಡಿಯವರ ಈ ಚಿತ್ರವನ್ನು ಮಂಡ್ಯ ಸೀಮೆಯ ಮುಗ್ಧ ಹಾಸ್ಯವೆಂದೇ ಜನ ನೆನಪಿಟ್ಟುಕೊಂಡಿದ್ದಾರೆ. ಗಡ್ಡಪ್ಪನ ನಡಿಗೆ, ಸೆಂಚುರಿ ಗೌಡನ ಬೈಗುಳ ಹೇಳಿ ನಗುತ್ತಾರೆ. ನಡೆಯುವುದೇನು ನೋಡಿ: ತಾತ ಸೆಂಚುರಿ ಗೌಡನ ಹೆಸರಿನಲ್ಲಿರುವ ಜಮೀನು ಮಾರಲು ಮೊಮ್ಮಗ ತಮ್ಮಣ್ಣ ಹೊರಟಿದ್ದಾನೆ. ನಡುವೆ ಇರುವ ಅಪ್ಪ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಬೇಡ. ಹಾಗಾಗಿ ಬದುಕಿರುವ ಅಪ್ಪನಿಗೆ ಮರಣ ಪ್ರಮಾಣಪತ್ರ ಮಾಡಿಸುತ್ತಾನೆ, ಅದಕ್ಕಾಗಿ ಸಾಲ ಎತ್ತುತ್ತಾನೆ, ಅಪ್ಪನನ್ನು ಊರಾಚೆ ಸಾಗಹಾಕುತ್ತಾನೆ. ನನಗೆ ಇದು ರಕ್ತ ಸುರಿಸದ ಅಪರಾಧದ ಕಥೆ. ನಗು ಬರುವುದು ನಿಜ, ಆದರೆ ತಮ್ಮಣ್ಣ ಕೆಟ್ಟವನಲ್ಲ ಎಂಬುದೇ ಇದರ ಭಯಾನಕ ಭಾಗ. ಬೆಲೆ ಬಂದ ನೆಲದ ಸುತ್ತ ಒಳ್ಳೆಯ ಮಗನೂ ಇಷ್ಟು ಮಾಡಬಲ್ಲ. ನಮ್ಮ ಹೊಸ ಚಿತ್ರಗಳಲ್ಲಿ ನೆಲದ ಬಗ್ಗೆ ಅತಿ ಪ್ರಾಮಾಣಿಕವಾದದ್ದು ಇದೇ, ‘ಕಾಂತಾರ’ ಅಲ್ಲ. ‘ಬಂಗಾರದ ಮನುಷ್ಯ’ದ ಕೊನೆಯ ಭಾಗಕ್ಕೆ ನಿಜವಾದ ವಾರಸುದಾರ ಚಿತ್ರವೂ ಇದೇ.

ಇಷ್ಟಾದರೂ ಈ ನಾಲ್ಕರಲ್ಲೂ ಒಂದು ಕೊರತೆ ಉಳಿದಿದೆ. ಜಗಳವೆಲ್ಲ ಗಂಡಸರದು. 2005ರ ತಿದ್ದುಪಡಿಯಿಂದ ಹಿಂದೂ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂತು. ಬೆಂಗಳೂರಿನ ಸುತ್ತ ಹೊಲ ಮಾರುವ ಮುನ್ನ ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು, ತವರು ಬೇಕೋ ಪಾಲು ಬೇಕೋ ಎಂದು ಕೇಳುವ ಅಣ್ಣ. ಪೆನ್ನು ಹಿಡಿದು ಕೂತ ತಂಗಿ. ಆ ತಂಗಿಯ ಕಡೆಯಿಂದ ಹೇಳಿದ ಚಿತ್ರ ಕನ್ನಡಕ್ಕೆ ಬೇಕು, ಮತ್ತು ಅದರಲ್ಲಿ ಅವಳು ಸಹಿ ಹಾಕಲು ಒಪ್ಪಬಾರದು.